ಖಾಲಿ ಸೀಟಿನ ಬೆಲ್ಟು

ಹೈನ್ಸ್ ಜಂಕ್ಷನ್, ಯೂಕಾನ್
ಜುಲೈ 9, 1979

ಶ್ರೀ ವೆಂಡೆಲ್ ಹಾಫ್ನರ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಆದರೆ ನನ್ನ ಗಂಡ ಗಾರ್ತ್‌ಗೆ ನೀವು ಚೆನ್ನಾಗಿ ಗೊತ್ತು. ಬಾಂಬರ್ ವಿಮಾನದ ಕಾಕ್‌ಪಿಟ್ಟಿನ, ಅಂದರೆ ಪೈಲಟ್ ಕೂರುವ ಜಾಗದ, ನೀವು ಮಾಡಿದ ಪುಟ್ಟ ಮಾದರಿಯ ಚಿತ್ರವನ್ನು ಯಾವುದೋ ಪತ್ರಿಕೆಯಿಂದ ಕತ್ತರಿಸಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾನೆ. ಹಾಲು ತೆಗೆಯಲು ಹೋದಾಗಲೆಲ್ಲ ಅದರ ಮುಂದೆ ನಿಂತು, "ಈ ಮನುಷ್ಯ ಮಾಡಿರೋದ್ರಲ್ಲಿ ಕೂತ್ರೆ ಎಂಜಿನ್ನೇ ಸ್ಟಾರ್ಟ್ ಮಾಡ್ಬೋದು ಕಣೇ" ಎನ್ನುತ್ತಾನೆ. ಪತ್ರಿಕೆಯವರಿಗೆ ಬರೆದು ನಿಮ್ಮ ವಿಳಾಸ ಪಡೆದೆ.

ಗಾರ್ತ್ ಸೋಲ್ಬರ್ಗ್ ಪೈಲಟ್. ತನ್ನದೇ ಒಂಟಿ ಎಂಜಿನ್ನಿನ ಹಳೆಯ ವಿಮಾನದಲ್ಲಿ ಗಣಿಯವರಿಗೂ ಸರ್ವೆಯವರಿಗೂ ಸಾಮಾನು ಮುಟ್ಟಿಸುತ್ತಾನೆ. ಮೇ ಕೊನೆಯಲ್ಲಿ ಹಿಮಬಯಲಿನ ಮೇಲಿರುವ ಸರ್ವೆ ಕ್ಯಾಂಪಿಗೆ ಎಣ್ಣೆ ಡ್ರಮ್ಮು, ಟಪಾಲು ಹೊತ್ತು ಹೋದವನು ಅಲ್ಲಿಗೂ ಮುಟ್ಟಲಿಲ್ಲ, ಮನೆಗೂ ಬರಲಿಲ್ಲ. ಜೂನ್‌ನಲ್ಲಿ ಹುಡುಕಾಟ ನಿಲ್ಲಿಸಿದರು. ದಯವಿಟ್ಟು ಸಂತಾಪ ಸೂಚಿಸಬೇಡಿ. ಊರಿನವರು ಸಂತಾಪದ ಜೊತೆ ಅಡುಗೆ ತುಂಬಿ ತಂದ ಕ್ಯಾಸರೋಲ್ ಪಾತ್ರೆಗಳನ್ನು ತೊಳೆದು ಯಾರದು ಯಾರಿಗೆಂದು ಹಿಂದಿರುಗಿಸುವುದೇ ನನಗೊಂದು ಕೆಲಸವಾಗಿದೆ. ಗಾರ್ತ್ ಈ ಹಿಂದೆಯೂ ಎರಡು ಸಲ ಹೀಗೆ ಕಾಣೆಯಾಗಿ ತಾನೇ ನಡೆದುಕೊಂಡು ಬಂದಿದ್ದಾನೆ. ಒಂದು ಸಲವಂತೂ ನಾನು ಬಾಗಿಲು ತೆಗೆದಾಗ, "ಊಟ ಏನಿದೆ?" ಎಂದನೇ ಹೊರತು ಬೇರೆ ಮಾತಿಲ್ಲ.

ನನಗೆ ಅವನ ವಿಮಾನದ ಕಾಕ್‌ಪಿಟ್ ಬೇಕು. ಇಡೀ ವಿಮಾನವಲ್ಲ. ನವೆಂಬರ್ ಕೊನೆಗೆ ಅವನ ಹುಟ್ಟುಹಬ್ಬ. ಒಳಗಿನ ಐದು ಫೋಟೋ ಕಳಿಸಿದ್ದೇನೆ, ಎಲ್ಲವೂ ಈ ವಸಂತದಲ್ಲಿ ತೆಗೆದವು. ನಿಮ್ಮ ಕೆಲಸಕ್ಕೆ ಏನು ತೆಗೆದುಕೊಳ್ಳುತ್ತೀರೋ ಹೇಳಿ. ನಾನು ಹೆದ್ದಾರಿಯ ಊಟದ ಮನೆಯಲ್ಲಿ ಹಣ್ಣಿನ ಪೈ ಬೇಯಿಸುತ್ತೇನೆ, ನಿಧಾನವಾಗಿಯಾದರೂ ಕೊಡುತ್ತೇನೆ.

ಇರ್ಮಾ ಸೋಲ್ಬರ್ಗ್


ಲ್ಯಾಂಕಾಸ್ಟರ್, ಒಹಾಯೊ
ಜುಲೈ 20, 1979

ಪ್ರಿಯ ಶ್ರೀಮತಿ ಸೋಲ್ಬರ್ಗ್,

ಬೇಡವೆಂದಿದ್ದೀರಿ, ಆದರೂ ಹೇಳದೆ ಹೋದರೆ ನನ್ನ ಹೆಂಡತಿ ಲೋಯಿಸ್ ನನ್ನನ್ನು ಊಟಕ್ಕೆ ಕರೆಯುವುದಿಲ್ಲ: ನಿಮ್ಮ ಕಷ್ಟ ಓದಿ ನಮ್ಮಿಬ್ಬರಿಗೂ ತುಂಬ ನೋವಾಯಿತು. ನಿಮ್ಮ ಯಜಮಾನರ ನೆನಪಿಗೆ ಇಂಥದೊಂದು ವಸ್ತು ಇಟ್ಟುಕೊಳ್ಳಬೇಕೆನ್ನಿಸಿದ್ದು ಒಳ್ಳೆಯದೇ. ಕೆಲಸ ಒಪ್ಪಿಕೊಂಡಿದ್ದೇನೆ. ಹಣದ ಮಾತು ಬಿಡಿ. ಮೂವತ್ತು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು, ಹುಡುಗರು ಬೆರಳು ಕತ್ತರಿಸಿಕೊಳ್ಳದಂತೆ ಕಾಯುವುದು ತಪ್ಪಿದ ಮೇಲೆ ನನಗೆ ಸಮಯವೇ ಸಮಯ.

ನಿಜದ ಹದಿನಾರು ಅಂಗುಲ ನನ್ನ ಮೇಜಿನ ಮೇಲೆ ಒಂದು ಅಂಗುಲವಾಗುತ್ತದೆ. ಗೋಡೆಗಳು ಪ್ಲಾಸ್ಟಿಕ್ ಹಾಳೆಯವು, ಸನ್ನೆಕೋಲುಗಳು ಹಿತ್ತಾಳೆ ತಂತಿಯವು. ಮಾಪಕಗಳ ಮುಖಗಳಿಗೆ ಕಪ್ಪು ಬಣ್ಣ ಬಳಿದು, ಸೂಜಿಯಿಂದ ಕೆರೆದು ಅಂಕಿ ಬರೆದು, ಮೇಲೊಂದು ಹನಿ ವಾರ್ನಿಷ್ ಬಿಟ್ಟರೆ ಗಾಜು. ಬೆಲ್ಟುಗಳಿಗೆ ವೈನ್ ಬಾಟಲಿಯ ಕತ್ತಿಗೆ ಸುತ್ತುವ ಸೀಸದ ತಗಡಿಗಿಂತ ಒಳ್ಳೆಯದು ಇನ್ನೊಂದಿಲ್ಲ, ಬಗ್ಗಿಸಿದಂತೆ ನಿಲ್ಲುತ್ತದೆ. ನಾವು ಕುಡಿಯುವವರಲ್ಲ. ಹಾಗಾಗಿ ಪಕ್ಕದ ಮನೆಯವರ ಕಸದ ಡಬ್ಬಿಗೆ ಕೈ ಹಾಕುತ್ತೇನೆ. "ಚರ್ಚಿನವರು ಯಾರಾದ್ರೂ ನೋಡಿದ್ರೆ ಏನಂತ ಹೇಳ್ಲಿ ನಾನು?" ಎಂದು ಲೋಯಿಸ್ ಬೈಯುತ್ತಾಳೆ.

ಈಗ ಒಂದು ಪ್ರಶ್ನೆ, ಕಾಕ್‌ಪಿಟ್ ಮಾಡುವವರೆಲ್ಲ ಮೊದಲು ಕೇಳುವುದು ಇದನ್ನೇ: ಯಾವ ಹೊತ್ತಿನದು ಬೇಕು? ಮುಳ್ಳುಗಳೆಲ್ಲ ಆ ಹೊತ್ತನ್ನು ಹೇಳಬೇಕು. ಹಾರುತ್ತಿರುವಾಗಲೋ, ನಿಂತಿರುವಾಗಲೋ? ನಾನು ಬೊಂಬೆ ಕೂರಿಸುವುದಿಲ್ಲ. ಆಳಿಲ್ಲದ ಸೀಟೆಂದರೆ ನಮ್ಮಲ್ಲೊಂದು ಕಟ್ಟಳೆಯಿದೆ. ಬೆಲ್ಟು ಬಿಚ್ಚಿರಬೇಕು, ಎರಡು ಪಟ್ಟಿಯೂ ಸೀಟಿನ ಮೇಲೆ ಒಪ್ಪವಾಗಿ ಹರಡಿರಬೇಕು, ಈಗಷ್ಟೇ ಎದ್ದುಹೋದವರು ಬಿಟ್ಟಂತೆ. ಖಾಲಿ ಸೀಟಿನಲ್ಲಿ ಬೆಲ್ಟು ಬಿಗಿದಿದ್ದರೆ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ನಾನೇ ಅಂಕ ಕಳೆದಿದ್ದೇನೆ.

ನಿಮ್ಮ ಮೂರನೆಯ ಫೋಟೋದಲ್ಲಿ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಭೂತಗನ್ನಡಿ ಇಟ್ಟರೆ ಮಾತ್ರ ಕಾಣುವಂಥದು. ಅದನ್ನೂ ಮಾಡುತ್ತೇನೆ, ಆದರೆ ಏನೆಂದು ಈಗ ಹೇಳುವುದಿಲ್ಲ. ಪ್ರತಿ ಕೆಲಸದಲ್ಲೂ ಹೀಗೊಂದನ್ನು ಕೊನೆಗೆ ಉಳಿಸಿಕೊಳ್ಳುವುದು ನನ್ನ ಚಾಳಿ. ನೋಡಿದಾಗ ನೀವೇ ಗುರುತು ಹಿಡಿಯುವಿರಿ.

ವೆಂಡೆಲ್ ಹಾಫ್ನರ್


ಹೈನ್ಸ್ ಜಂಕ್ಷನ್
ಆಗಸ್ಟ್ 2, 1979

ಶ್ರೀ ಹಾಫ್ನರ್ ಅವರಿಗೆ,

ನೆನಪಿಗಾಗಿ ಅಲ್ಲ. ಅವನು ಬಂದ ಮೇಲೆ ಅವನ ಕೈಗೆ ಕೊಡುವುದಕ್ಕೆ. ಇದನ್ನು ಮತ್ತೆ ಬರೆಯುವಂತೆ ಮಾಡಬೇಡಿ.

ನೆಲದ ಮೇಲೆ ನಿಂತಿರುವ ಹೊತ್ತಿನದು ಮಾಡಿ. ಎಂಜಿನ್ ಆರಿದೆ. ಗಾರ್ತ್ ಇಳಿದಿದ್ದಾನೆ. ಬೆಲ್ಟಿನ ವಿಷಯದಲ್ಲಿ ನಿಮ್ಮ ಕಟ್ಟಳೆ ನನಗೆ ಪೂರ್ತಿ ಒಪ್ಪಿಗೆ.

ಫೋಟೋದಲ್ಲಿ ಕಾಣದ್ದನ್ನು ಹೇಳುತ್ತೇನೆ. ಬಲಗಡೆಯ ಸೀಟಿನ ಹರಿದ ಜಾಗಕ್ಕೆ ಬೂದು ಬಣ್ಣದ ಅಂಟುಪಟ್ಟಿ ಹಾಕಿದೆ, ಅದರ ಒಂದು ಮೂಲೆ ಸದಾ ಎದ್ದಿರುತ್ತದೆ, ನನ್ನ ಸ್ವೆಟರಿಗೆ ಅಂಟುತ್ತದೆ. ದಿಕ್ಸೂಚಿಯ ಪಕ್ಕದಲ್ಲಿ ಪೆನ್ಸಿಲ್ ತುಂಡೊಂದನ್ನು ದಾರ ಕಟ್ಟಿ ಇಳಿಬಿಟ್ಟಿದ್ದಾನೆ. ಬಾಯಲ್ಲಿ ಕಚ್ಚಿ ಕಚ್ಚಿ ಅದರ ಹಿಂಬದಿ ನಾರುನಾರಾಗಿದೆ. ಫ್ಲಾಸ್ಕು ಸೀಟಿನ ಎಡಕ್ಕೆ ಇರುತ್ತದೆ. ಅದರ ಮುಚ್ಚಳ ಕಳೆದುಹೋಗಿ ಜಾಮ್ ಬಾಟಲಿಯ ಮುಚ್ಚಳ ಹಾಕುತ್ತಾನೆ. ಅದು ಹೊಂದುವುದಿಲ್ಲ, ಆದರೂ ಹೊಂದುತ್ತದೆ ಎಂದು ವಾದಿಸುತ್ತಾನೆ.

ಗಾರ್ತ್‌ನ ತಮ್ಮ ಲಾಯ್ಡ್ ನಿನ್ನೆ ಬಂದಿದ್ದ. ಅವನೂ ಪೈಲಟ್, ಇಬ್ಬರ ವಿಮಾನಗಳೂ ಒಂದೇ ಜಾತಿಯವು. ನಿಮ್ಮ ಕಾಗದ ಓದಿ ಹೇಳಿದೆ. "ಯಾರೋ ಒಹಾಯೊದ ಮೇಷ್ಟ್ರು ಪ್ಲಾಸ್ಟಿಕ್ ಕತ್ತರಿಸ್ತಾ ಕೂತಿದ್ದಾರೆ, ನೀನು ಇಲ್ಲಿ ಅವನ ಬಟ್ಟೆ ಇಸ್ತ್ರಿ ಮಾಡ್ತಿದ್ದೀಯ. ಸಾಕು ಮಾಡು ಇರ್ಮಾ" ಎಂದ. ಕೋಪದಿಂದ ಹೇಳಲಿಲ್ಲ. ಇಬ್ಬರ ಕಣ್ಣೂ ಒಂದೇ ಥರ, ಅದಕ್ಕೇ ಅವನ ಮುಖ ನೋಡಿ ಮಾತಾಡುವುದು ನನಗೆ ಕಷ್ಟ.

ನನ್ನದೂ ಒಂದು ಪ್ರಶ್ನೆ. ಪೈಲಟ್ ಕಡೆಯ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳಬಲ್ಲದೆ? ಒಳಗಿದ್ದವನು ಗವಸು ಹಾಕಿದ ಕೈಯಲ್ಲಿ ಬೆಲ್ಟು ಬಿಚ್ಚಬಲ್ಲನೆ, ಒಂದೇ ಕೈಯಾದರೆ? ಸರಿಯಾಗಿ ತಿಳಿದು ಬರೆಯಿರಿ. ನನಗೆ ಅಂದಾಜಿನ ಉತ್ತರ ಬೇಡ.

ಇರ್ಮಾ ಸೋಲ್ಬರ್ಗ್


ಲ್ಯಾಂಕಾಸ್ಟರ್, ಒಹಾಯೊ
ಆಗಸ್ಟ್ 13, 1979

ಪ್ರಿಯ ಶ್ರೀಮತಿ ಸೋಲ್ಬರ್ಗ್,

ಇಂಥ ಪ್ರಶ್ನೆ ಕೇಳುವವರು ನನ್ನ ಕ್ಲಬ್ಬಿನಲ್ಲೂ ಇಲ್ಲ. ಅಲ್ಲಿ ಎಲ್ಲರೂ ಕೇಳುವುದು ಯಾವ ಕಂಪನಿಯ ಹಸಿರು ಬಣ್ಣ ಸರಿ ಎಂದು ಮಾತ್ರ. ಬಾಗಿಲನ್ನು ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದು ನಿಮ್ಮ ಯೋಚನೆ ಇರಬೇಕು. ನಾನು ಆ ಜಾತಿಯ ವಿಮಾನದ ಕಾರ್ಖಾನೆಯ ನಕ್ಷೆಗಳನ್ನು ತರಿಸಿದ್ದೇನೆ, ಊಟದ ಮೇಜಿನ ತುಂಬ ಅವೇ ಹರಡಿವೆ. ಒಂದು ವಾರದಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ.

ಉತ್ತರ ಖಚಿತವಾಗಿ ಹೇಳಬಲ್ಲೆ. ಬಾಗಿಲು ತನ್ನಷ್ಟಕ್ಕೆ ತೆರೆಯುವುದಿಲ್ಲ. ಹಿಡಿಯನ್ನು ತಿರುಗಿಸಿದರೆ ಎರಡು ಉಕ್ಕಿನ ನಾಲಗೆಗಳು ಚೌಕಟ್ಟಿನ ಒಳಗೆ ಅರ್ಧ ಅಂಗುಲ ಹೋಗಿ ಕೂರುತ್ತವೆ. ಯಾರಾದರೂ ಕೈ ಹಾಕಿ ಮತ್ತೆ ತಿರುಗಿಸದೆ ಅವು ಹಿಂದಕ್ಕೆ ಬರುವುದಿಲ್ಲ, ಗಾಳಿ ಬಡಿಯಲಿ, ನೆಲ ಕುಟ್ಟಲಿ. ಬೆಲ್ಟಿನ ಬೀಗ ಇನ್ನೂ ಸುಲಭ. ತುಟಿಯಂಥ ಒಂದು ತಗಡಿದೆ, ಹೆಬ್ಬೆರಳಿನಿಂದ ಎತ್ತಿದರೆ ಸಾಕು, ಕಳಚಿ ಬೀಳುತ್ತದೆ. ನಾನೇ ಗಾರೆ ಕೆಲಸದ ದಪ್ಪ ಗವಸು ಹಾಕಿಕೊಂಡು, ಒಬ್ಬರ ಹಳೆಯ ವಿಮಾನದ ಬೆಲ್ಟು ಬೇಡಿ ತಂದು, ಎಡಗೈಯಲ್ಲಿ ಬಿಚ್ಚಿ ನೋಡಿದೆ. ಮೊದಲ ಸಲಕ್ಕೇ ಬಂತು.

ಪೆನ್ಸಿಲ್ ತುಂಡು ಮಾಡಿ ಮುಗಿಯಿತು. ಹಲ್ಲಿನ ಗುರುತಿಗಾಗಿ ಸೂಜಿಯಲ್ಲಿ ಚುಚ್ಚುವಾಗ ಎರಡು ಸಲ ಮುರಿದು ಮೂರನೆಯದು ಉಳಿಯಿತು. ಜಾಮ್ ಮುಚ್ಚಳಕ್ಕೆ ಕೆಂಪು ಚೌಕುಳಿ ಬರೆದಿದ್ದೇನೆ, ತಪ್ಪಿದ್ದರೆ ತಿಳಿಸಿ. ಅದು ಹೊಂದುವುದಿಲ್ಲ ಎಂಬುದರಲ್ಲಿ ನಾನು ನಿಮ್ಮ ಕಡೆ.

ವೆಂಡೆಲ್ ಹಾಫ್ನರ್


ಹೈನ್ಸ್ ಜಂಕ್ಷನ್
ಆಗಸ್ಟ್ 27, 1979

ಪ್ರಿಯ ಶ್ರೀ ಹಾಫ್ನರ್,

ಬಿಳಿ ಚೌಕುಳಿ, ಕೆಂಪಲ್ಲ. ಆದರೆ ಅದು ಹೇಗಾದರೂ ಇರಲಿ. ನಿಮ್ಮ ಕಾಗದ ಓದಿ ನಾನು ಮೇ ತಿಂಗಳ ನಂತರ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ನಿಮಗೆ ಹೇಳದ ಒಂದು ವಿಷಯವಿದೆ. ಜುಲೈ ಕೊನೆಯಲ್ಲಿ ಸರ್ವೆಯವರ ಹೆಲಿಕಾಪ್ಟರು ಹಿಮನದಿಯೊಂದರ ಮೇಲೆ ಹೋಗುವಾಗ ಗಾರ್ತ್‌ನ ವಿಮಾನ ಕಂಡಿತು. ಹಿಮದಡಿ ಅಡಗಿದ ಆಳವಾದ ಬಿರುಕುಗಳ ನಡುವೆ ಮೂಗು ಹೂತುಕೊಂಡು ನಿಂತಿದೆ. ಇಳಿಯುವ ಜಾಗವಲ್ಲ. ಮೇಲಿನಿಂದ ಫೋಟೋ ತೆಗೆದರು. ಒಳಗೆ ನೆರಳಿದೆ, ಏನೂ ಕಾಣದು. ಆದರೆ ಪೈಲಟ್ ಕಡೆಯ ಬಾಗಿಲು ಪೂರಾ ತೆರೆದಿದೆ.

ಬಾಗಿಲು ಬಡಿತಕ್ಕೆ ತೆರೆದುಕೊಂಡಿರುತ್ತದೆ, ಅವನು ಒಳಗೇ ಇದ್ದಾನೆ ಎಂದರು ಪೊಲೀಸರು. ಮುಂದಿನ ಬೇಸಿಗೆಗೆ ಮೊದಲು ಯಾರೂ ಅಲ್ಲಿಗೆ ಹೋಗಕೂಡದು ಎಂದೂ ಹೇಳಿದರು. ಲಾಯ್ಡ್ ಕೂಡ ಅದನ್ನೇ ನಂಬಿದ್ದ. ಆದರೆ ಹಿಮನದಿಯ ಕೆಳಗಿನ ಕಣಿವೆಯಲ್ಲಿ ಅವರ ಅಪ್ಪ ಬಲೆಯೊಡ್ಡಲು ಹೋಗುತ್ತಿದ್ದ ಕಾಲದ ಗುಡಿಸಲಿದೆ. ಒಲೆಯಿದೆ, ಡಬ್ಬಿಗಳಿವೆ, ಹತ್ತಿರದಲ್ಲಿ ಮೀನಿದೆ. ಅದು ಅಣ್ಣತಮ್ಮಂದಿರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮರಗಳ ಅಡಿ ಇರುವುದರಿಂದ ಆಕಾಶದಿಂದ ಕಾಣುವುದಿಲ್ಲ. ಕಾಲು ಮುರಿದವನು ಅಲ್ಲಿವರೆಗೆ ತೆವಳಿ, ಅಲ್ಲೇ ಉಳಿದಿರಬಹುದು.

ಭಾನುವಾರ ಲಾಯ್ಡ್ ಮತ್ತು ಅವನ ಹೆಂಡತಿ ಪೆಟ್ಸಿ ಊಟಕ್ಕೆ ಬಂದಾಗ ನಿಮ್ಮ ಕಾಗದವನ್ನು ಮೇಜಿನ ಮೇಲಿಟ್ಟು ಓದಿದೆ. 'ಯಾರಾದರೂ ಕೈ ಹಾಕಿ ಮತ್ತೆ ತಿರುಗಿಸದೆ' ಎಂಬಲ್ಲಿಗೆ ಬಂದಾಗ ಲಾಯ್ಡ್ ಚಮಚ ಕೆಳಗಿಟ್ಟ.

"ಇನ್ನೊಂದ್ಸಲ ಓದು" ಎಂದ.

ಓದಿದೆ.

"ಈ ಮನುಷ್ಯಂಗೆ ಗೊತ್ತಿರುತ್ತಾ?"

"ಪೆನ್ಸಿಲ್ ಮೇಲಿನ ಹಲ್ಲಿನ ಗುರುತನ್ನೂ ಮರೆಯದವನು ಬಾಗಿಲು ಮರೀತಾನಾ?" ಎಂದೆ.

ಪೆಟ್ಸಿ ನನ್ನ ಕಡೆ ನೋಡಲಿಲ್ಲ. "ಲಾಯ್ಡ್, ಅವ್ನು ಸತ್ತಿದ್ದಾನೆ. ನೀನೇ ಹೇಳಿದ್ದೆ. ಎರಡು ಮಕ್ಕಳ ಅಪ್ಪ ನೀನು" ಎಂದಳು. ಲಾಯ್ಡ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. "ಒಳಗಡೆಯಿಂದ ತೆಗೆದಿದ್ದಾನೆ ಅಂದ್ಮೇಲೆ ನಾನ್ಹೇಗೆ ಇಲ್ಲಿ ಕೂತು ಆಲೂಗಡ್ಡೆ ತಿನ್ಲಿ ಪೆಟ್ಸಿ" ಎಂದ.

ಹೊಸ ಹಿಮ ಬೀಳುವುದರೊಳಗೆ ಹೋಗುತ್ತಾನೆ. ಚಕ್ರಕ್ಕೆ ಹಿಮದ ಮೇಲೆ ಜಾರುವ ಸ್ಕೀ ಕಟ್ಟಿದ ಅವನ ವಿಮಾನದಲ್ಲಿ ಮೇಲಿನ ಬಯಲಿಗಿಳಿದು, ಅವನ ಗೆಳೆಯ ಪೈಲಟ್ ಡೆಲ್ಬರ್ಟ್ ಮತ್ತು ಇನ್ನೊಬ್ಬನ ಜೊತೆ ಹಗ್ಗ ಕಟ್ಟಿಕೊಂಡು ಮೊದಲು ವಿಮಾನಕ್ಕೆ, ಅಲ್ಲಿಂದ ಗುಡಿಸಲಿಗೆ. ನಿಮ್ಮ ಋಣ ತೀರಿಸುವುದು ಹೇಗೋ ತಿಳಿಯದು.

ಬಾಗಿಲನ್ನು ತೆರೆದೇ ಇಡಿ.

ಇರ್ಮಾ


ಲ್ಯಾಂಕಾಸ್ಟರ್, ಒಹಾಯೊ
ಆಗಸ್ಟ್ 29, 1979

ಪ್ರಿಯ ಶ್ರೀಮತಿ ಸೋಲ್ಬರ್ಗ್,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ, ತಡೆಯಲಾಗಲಿಲ್ಲ. ಕಾಕ್‌ಪಿಟ್ ಹೆಚ್ಚುಕಡಿಮೆ ಮುಗಿದಿದೆ. ಫೋಟೋ ಇಟ್ಟಿದ್ದೇನೆ. ಸೀಟಿನ ಅಂಟುಪಟ್ಟಿಯ ಮೂಲೆ ಎದ್ದಿರುವುದನ್ನು ನೋಡಿ. ಬೆಲ್ಟುಗಳು ಸೀಟಿನ ಮೇಲೆ ಎಷ್ಟು ಚೆನ್ನಾಗಿ ಮಲಗಿವೆ ಎಂದರೆ ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳುವಂತಾಗಿದೆ.

ಈಗ ಕೊನೆಗೆ ಉಳಿಸಿಕೊಂಡಿದ್ದ ಸಂಗತಿ. ನಾನಿಟ್ಟಿರುವ ಎರಡನೆಯ ಫೋಟೋದಲ್ಲಿ ಪೈಲಟ್ ಕಡೆಯ ಬಾಗಿಲಿನ ಹಿಡಿ ನೋಡಿ. ನಿಮ್ಮ ಮೂರನೆಯ ಫೋಟೋದಲ್ಲಿ ಅದಕ್ಕೆ ನೀಲಿ ಹಗ್ಗವೊಂದನ್ನು ಕಟ್ಟಿ, ಇನ್ನೊಂದು ತುದಿಯನ್ನು ಸೀಟಿನ ಕಾಲಿಗೆ ಗಂಟು ಹಾಕಿದ್ದಾರೆ. ಒದ್ದೆ ಗವಸು ಒಣಹಾಕುವುದಕ್ಕೆ ಇರಬೇಕು, ಅಲ್ಲವೆ? ಲೋಯಿಸ್‌ಳ ಕಸೂತಿ ದಾರದಿಂದ ಮೂರೆಳೆ ಬೇರೆ ಮಾಡಿ ಮತ್ತೆ ಹುರಿ ಹೊಸೆದು ಮಾಡಿದೆ. ಗಂಟೂ ಅದೇ ಗಂಟು. ನಕ್ಷೆಯಲ್ಲಿ ಇಲ್ಲದ, ಆ ಒಂದು ವಿಮಾನದಲ್ಲಿ ಮಾತ್ರ ಇರುವ ಇಂಥ ವಸ್ತು ಸಿಕ್ಕಿದರೆ ನಮ್ಮಂಥವರಿಗೆ ಹಬ್ಬ.

ವೆಂಡೆಲ್ ಹಾಫ್ನರ್


ಲ್ಯಾಂಕಾಸ್ಟರ್, ಒಹಾಯೊ
ಸೆಪ್ಟೆಂಬರ್ 7, 1979

ಶ್ರೀಮತಿ ಸೋಲ್ಬರ್ಗ್,

ನಿಮ್ಮ ಆಗಸ್ಟ್ 27ರ ಕಾಗದ ಈಗ ಬಂತು. ಬೆಳಗಿನಿಂದ ಫೋನು ಮಾಡುತ್ತಿದ್ದೇನೆ, ನಿಮ್ಮ ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ತಂತಿಯನ್ನೂ ಕೊಟ್ಟಿದ್ದೇನೆ. ಯಾವುದು ಮೊದಲು ಮುಟ್ಟುತ್ತದೋ ತಿಳಿಯದೆ ಇದನ್ನೂ ಬರೆಯುತ್ತಿದ್ದೇನೆ. ಲಾಯ್ಡ್ ಅವರನ್ನು ಕಳಿಸಬೇಡಿ.

ನಿಮ್ಮ ಕಾಗದವನ್ನು ಲೋಯಿಸ್‌ಗೆ ಓದಿ ಹೇಳುತ್ತಿದ್ದೆ. ಬಾಗಿಲು ಪೂರಾ ತೆರೆದಿತ್ತು ಎಂಬಲ್ಲಿಗೆ ಬಂದಾಗ ಅವಳು ಮೇಜಿನ ಮೇಲಿದ್ದ ಕಾಕ್‌ಪಿಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ವೆಂಡೆಲ್, ನಮ್ಮ ಹಳೇ ಸ್ಟೇಷನ್ ವ್ಯಾಗನ್ ಕಾರಿನ ಬಾಗಿಲಿಗೆ ನೀನು ಹಗ್ಗ ಕಟ್ಟಿದ್ದು ಯಾಕೆ?" ಎಂದು ಕೇಳಿದಳು. ಆ ಬಾಗಿಲಿನ ಚಿಲಕ ಸವೆದಿತ್ತು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ತೆರೆದುಕೊಳ್ಳುತ್ತಿತ್ತು.

ನಾನು ನಿಮಗೆ ಹೇಳಿದ್ದು ಕಾರ್ಖಾನೆಯಿಂದ ಹೊರಬಂದ ದಿನದ ಬಾಗಿಲಿನ ಮಾತು. ನಿಮ್ಮ ಯಜಮಾನರ ಬಾಗಿಲು ಹಾಗಿರಲಿಲ್ಲ. ಗಟ್ಟಿಯಾಗಿ ಕೂರುವ ಬಾಗಿಲಿಗೆ ಯಾರೂ ಹಗ್ಗ ಕಟ್ಟುವುದಿಲ್ಲ. ಹಗ್ಗ ನನ್ನ ಕಣ್ಣಿಗೆ ಜುಲೈನಲ್ಲೇ ಬಿದ್ದಿತ್ತು. ಅದನ್ನು ಚೆಂದಕ್ಕೆಂದು ಬಚ್ಚಿಟ್ಟುಕೊಂಡೆ. ವಿಮಾನದಲ್ಲಿ ನಾನು ಕೂತಿರುವುದು ಎರಡೇ ಸಲ, ಅದೂ ಪ್ರಯಾಣಿಕನಾಗಿ. ಆ ಬಾಗಿಲು ತೆರೆಯಲು ಯಾರ ಕೈಯೂ ಬೇಕಿರಲಿಲ್ಲ. ದಯವಿಟ್ಟು ತಡೆಯಿರಿ.

ವೆಂಡೆಲ್ ಹಾಫ್ನರ್


ಲ್ಯಾಂಕಾಸ್ಟರ್, ಒಹಾಯೊ
ಸೆಪ್ಟೆಂಬರ್ 24, 1979

ಶ್ರೀಮತಿ ಸೋಲ್ಬರ್ಗ್,

ಒಂದು ಸಾಲಾದರೂ ಬರೆಯಿರಿ. ಹಾಳೆಯ ಮೇಲೆ ಹೆಸರು ಬರೆದು ಕಳಿಸಿದರೂ ಸಾಕು.

ವೆ. ಹಾ.


ಹೈನ್ಸ್ ಜಂಕ್ಷನ್
ಅಕ್ಟೋಬರ್ 21, 1979

ಶ್ರೀ ಹಾಫ್ನರ್ ಅವರಿಗೆ,

ಲಾಯ್ಡ್ ಸೆಪ್ಟೆಂಬರ್ ಐದರಂದು ಹೋದ. ನೀವು ಫೋನು ಮಾಡಿದ ದಿನ ನಾನು ಪೆಟ್ಸಿಯ ಮನೆಯಲ್ಲಿ ರೇಡಿಯೊದ ಮುಂದೆ ಕೂತಿದ್ದೆ. ನಿಮ್ಮ ತಂತಿಯನ್ನು ನಮ್ಮ ಬಾಗಿಲ ಸಂದಿಗೆ ಸಿಕ್ಕಿಸಿ ಹೋಗಿದ್ದರು. ಹಗ್ಗದ ಫೋಟೋ ಇದ್ದ ಕಾಗದ ಮಾರನೆಯ ದಿನ ಬಂತು.

ಆ ನೀಲಿ ಹಗ್ಗ ನನ್ನದು, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ. ಮಾರ್ಚ್‌ನಲ್ಲಿ ಒಂದು ತುಂಡು ಕಡಿಮೆಯಾಗಿದ್ದು ನೋಡಿ ಗಾರ್ತ್ ಜೊತೆ ಜಗಳವಾಡಿದ್ದೆ. "ಬೆಡ್‌ಶೀಟು ನೆಲಕ್ಕೆ ತಾಗುತ್ತೆ, ನಿಂಗೆ ಬೇರೆ ಹಗ್ಗ ಸಿಗಲಿಲ್ವಾ" ಎಂದಿದ್ದೆ. "ಒಂದು ಸಣ್ಣ ಕೆಲಸಕ್ಕೆ ಬೇಕಿತ್ತು" ಎಂದನೇ ಹೊರತು ಯಾವ ಕೆಲಸ ಎನ್ನಲಿಲ್ಲ. ಹೇಳಿದ್ದರೆ ನಾನು ಹಾರಲು ಬಿಡುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ನಿಮಗೆ ಕಳಿಸಿದ ಫೋಟೋ ನಾನೇ ತೆಗೆದದ್ದು. ಅದರಲ್ಲಿ ನಾನು ಅವನ ಮುಖವನ್ನಷ್ಟೇ ನೋಡಿದ್ದೆ.

ನಡೆದದ್ದನ್ನು ಡೆಲ್ಬರ್ಟ್ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ. ಟೋಪಿಯನ್ನು ಕೈಯಲ್ಲಿ ಹಿಚುಕುತ್ತ ಹೇಳಿದ.

"ವಿಮಾನದವರೆಗೆ ಹೋಗೋಕೆ ನಮ್ಮ ಹಗ್ಗ ಸಾಲಲಿಲ್ಲ ಇರ್ಮಾ. ಲಾಯ್ಡ್ ಬಿಚ್ಚಿಕೊಂಡ. ಬೇಡ ಅಂದೆ. 'ಇಲ್ಲೇ ಇದೆಯಲ್ಲೋ' ಅಂದ. ಹೋಗಿ ಬಾಗಿಲು ಹಿಡ್ಕೊಂಡು ಒಳಗೆ ಬಗ್ಗಿದ. ತುಂಬಾ ಹೊತ್ತು ಹಾಗೇ ಇದ್ದ. ಆಮೇಲೆ ನಮ್ಮ ಕಡೆ ತಿರುಗಿ, 'ಇಲ್ಲೇ ಇದ್ದಾನೆ. ಬೆಲ್ಟ್ ಹಾಕ್ಕೊಂಡೇ ಇದ್ದಾನೆ' ಅಂತ ಕೂಗಿದ. ಬಾಗಿಲ ಹಿಡೀಲಿ ಹರಿದು ನೇತಾಡ್ತಿದ್ದ ಹಗ್ಗದ ತುಂಡನ್ನ ಎತ್ತಿ ತೋರಿಸ್ದ, ಯಾಕಂತ ನಮಗೆ ಗೊತ್ತಾಗ್ಲಿಲ್ಲ. ವಾಪಸ್ ಬರೋವಾಗ ತನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬಂದ. ಹೋಗೋವಾಗ ತಡ್ಕೊಂಡ ಹಿಮ ಬರೋವಾಗ ತಡ್ಕೊಳ್ಳಲಿಲ್ಲ."

ಕತ್ತಲಾಗುವವರೆಗೆ ಅವನು ಬಿದ್ದ ಬಿರುಕಿನ ಬಾಯಲ್ಲಿ ಕೂಗಿದರಂತೆ. ಮೊದಲು ಉತ್ತರ ಬರುತ್ತಿತ್ತು. ಎಷ್ಟು ಹೊತ್ತು ಬರುತ್ತಿತ್ತೆಂದು ಡೆಲ್ಬರ್ಟ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ಹಿಮ ಬಿತ್ತು. ಈಗ ಇಬ್ಬರೂ ಅಲ್ಲೇ ಇದ್ದಾರೆ.

ನಿಮ್ಮನ್ನು ಬೈದು ಬರೆಯಬೇಕೆಂದು ಎಷ್ಟೋ ಸಲ ಕೂತೆ. ಬೈಯುವಷ್ಟು ಸಿಟ್ಟು ಬಂದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲ ಬಗ್ಗೆ ಯಾಕೆ ಕೇಳುತ್ತಿದ್ದೇನೆಂದು ನಾನು ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಬೇರೆ ಉತ್ತರ ಕೊಟ್ಟೀರಿ ಎಂಬ ಭಯ. ನನಗೆ ಬೇಕಾದ ಉತ್ತರವೇ ಬೇಕಿತ್ತು.

ಪೆಟ್ಸಿ ಒಂದು ದಿನ ಬಂದು, ಬಾಗಿಲಲ್ಲೇ ನಿಂತು, "ಆ ಬಾಗಿಲಿನ ಕಾಗದ ಕೊಡು" ಎಂದಳು. ಕೊಟ್ಟೆ. ಅದಾದ ಮೇಲೆ ನನ್ನ ಜೊತೆ ಮಾತಾಡಿಲ್ಲ.

ಕಾಕ್‌ಪಿಟ್ ಕಳಿಸಿ. ಆದರೆ ಹಾಗೇ ಬೇಡ. ಹಗ್ಗವನ್ನು ನಡುವೆ ಕತ್ತರಿಸಿ. ಬಾಗಿಲು ತೆರೆದಿರಲಿ. ಬೆಲ್ಟು ಬಿಗಿಯಿರಿ. ನಿಮ್ಮ ಕಟ್ಟಳೆ ನನಗೆ ಗೊತ್ತು. ಆದರೂ ಬಿಗಿಯಿರಿ. ಆ ಬೆಲ್ಟುಗಳು ಬಿಚ್ಚಿ ಮಲಗಿರುವ ಫೋಟೋವನ್ನು ನಾನು ನೋಡಲಾರೆ.

ಇರ್ಮಾ ಸೋಲ್ಬರ್ಗ್


ಲ್ಯಾಂಕಾಸ್ಟರ್, ಒಹಾಯೊ
ನವೆಂಬರ್ 8, 1979

ಪ್ರಿಯ ಶ್ರೀಮತಿ ಸೋಲ್ಬರ್ಗ್,

ಪೆಟ್ಟಿಗೆ ಇವತ್ತು ಹೊರಟಿತು. ಹತ್ತಿಯಲ್ಲಿ ಸುತ್ತಿದ್ದೇನೆ, ಮೇಲಿನ ಮುಚ್ಚಳವನ್ನು ಮೊದಲು ತೆಗೆಯಿರಿ.

ಕ್ಷಮೆ ಕೇಳಲು ಎಷ್ಟೋ ಹಾಳೆ ಹಾಳು ಮಾಡಿದೆ. ಲೋಯಿಸ್ ಅವನ್ನೆಲ್ಲ ಒಲೆಗೆ ಹಾಕಿ, "ಅವರು ಕೇಳಿದ್ದನ್ನ ಮಾಡು ಸಾಕು" ಎಂದಳು. ಹಾಗಾಗಿ ಕೆಲಸದ ಮಾತನ್ನಷ್ಟೇ ಬರೆಯುತ್ತೇನೆ.

ಬೆಲ್ಟು ಬಿಗಿಯುವುದು ಸುಲಭವಾಗಲಿಲ್ಲ. ಖಾಲಿ ಸೀಟಿನ ಮೇಲೆ ಬಿಗಿದರೆ ಚಪ್ಪಟೆಯಾಗಿ ಸೀಟಿಗೇ ಅಂಟಿಕೊಂಡು, ಯಾರೂ ಎಂದೂ ಕೂತಿರಲಿಲ್ಲ ಎನ್ನುವಂತೆ ಕಾಣುತ್ತಿತ್ತು. ಅದು ಸುಳ್ಳಾಗುತ್ತಿತ್ತು. ಅದಕ್ಕೇ ನಿಮಗೆ ಫೋನು ಮಾಡಿ ನಿಮ್ಮ ಯಜಮಾನರ ಸೊಂಟದ ಅಳತೆ ಕೇಳಿದ್ದು. ನೀವು ಫೋನನ್ನು ಮೇಜಿನ ಮೇಲಿಟ್ಟಿರಿ. ಆಮೇಲೆ ಪ್ಯಾಂಟು ತರಲು ಹೋದ ನಿಮ್ಮ ಚಪ್ಪಲಿಯ ಸದ್ದು ಕೇಳಿಸಿತು.

ಆ ಅಳತೆಗೆ ಜೇಡಿಮಣ್ಣಿನಲ್ಲಿ ಒಬ್ಬ ಮನುಷ್ಯನ ಸೊಂಟ, ಎದೆ ಮಾಡಿ ಸೀಟಿನಲ್ಲಿ ಕೂರಿಸಿದೆ. ದಪ್ಪ ಕೋಟಿನದು ಸ್ವಲ್ಪ ಸೇರಿಸಿದೆ. ಅದರ ಮೇಲೆ ಬೆಲ್ಟು ಹಾಕಿ ಬೀಗ ಕೂರಿಸಿ, ಒಳಬದಿಗೆ ಅಂಟು ಸವರಿ ಗಟ್ಟಿಯಾಗಲು ಬಿಟ್ಟೆ. ಒಣಗಿದ ಮೇಲೆ ಮಣ್ಣನ್ನು ಚೂರುಚೂರಾಗಿ ಕೆರೆದು ತೆಗೆದೆ. ಎರಡು ದಿನ ಹಿಡಿಯಿತು. ಈಗ ಬೆಲ್ಟು ಅವರ ಮೈಯಷ್ಟು ಜಾಗ ಬಿಟ್ಟು ನಿಂತಿದೆ. ಒಳಗೆ ಯಾರೂ ಇಲ್ಲ.

ಇನ್ನು ಮುಂದೆ ನಾನು ಕಾಕ್‌ಪಿಟ್ ಮಾಡುವುದಿಲ್ಲ. ನಕ್ಷೆಗಳನ್ನು ಕ್ಲಬ್ಬಿಗೆ ಕೊಟ್ಟುಬಿಟ್ಟೆ.

ವೆಂಡೆಲ್ ಹಾಫ್ನರ್


ಹೈನ್ಸ್ ಜಂಕ್ಷನ್
ನವೆಂಬರ್ 29, 1979

ಶ್ರೀ ಹಾಫ್ನರ್ ಅವರಿಗೆ,

ಪೆಟ್ಟಿಗೆ ಗಾರ್ತ್‌ನ ಹುಟ್ಟುಹಬ್ಬದ ಮಾರನೆಯ ದಿನ ಬಂತು. ಒಡೆದಿಲ್ಲ.

ಅಡುಗೆಮನೆಯ ಮೇಜಿನ ಮೇಲಿಟ್ಟು ದೀಪ ಹಾಕಿ ನೋಡಿದೆ. ಬೆಲ್ಟಿನ ಒಳಗೆ ಕಿರುಬೆರಳು ತೂರಿಸಿದೆ, ಮುರಿಯಲಿಲ್ಲ. ಅವನು ಅಷ್ಟೇ ದಪ್ಪ. ಸರಿಯಾಗಿದೆ. ಇಷ್ಟು ದಿನ ಬಾರದ ಅಳು ಆಗ ಬಂತು. ಮರುದಿನ ಪಾದ್ರಿಗೆ ಹೇಳಿ ಅವನ ಆತ್ಮಶಾಂತಿಯ ಪ್ರಾರ್ಥನೆಗೆ ದಿನ ಗೊತ್ತು ಮಾಡಿಸಿದೆ. ಕ್ಯಾಸರೋಲ್ ಪಾತ್ರೆಗಳು ಮತ್ತೆ ಬರುತ್ತಿವೆ.

ಅದನ್ನು ಪೆಟ್ಸಿಗೂ ತೋರಿಸಬೇಕೆನ್ನಿಸಿ, ಪೆಟ್ಟಿಗೆ ಹೊತ್ತುಕೊಂಡು ಅವಳ ಮನೆಗೆ ಹೋದೆ. ಮಕ್ಕಳು, ಅಮ್ಮ ವಿಮಾನದಲ್ಲಿದ್ದಾಳೆ ಎಂದರು. ಲಾಯ್ಡ್‌ನ ವಿಮಾನ ಊರಿನ ರನ್‌ವೇ ಕೊನೆಯಲ್ಲಿ ನಿಂತಿದೆ, ಅಲ್ಲಿಗೆ ಹೋದೆ. ಡೆಲ್ಬರ್ಟ್ ಅದನ್ನು ಹಿಮಬಯಲಿನಿಂದ ಹಾರಿಸಿಕೊಂಡು ಬಂದಾಗ ಇನ್ನೊಂದು ಚುಕ್ಕಾಣಿ ಇರುವ ಬಲಗಡೆಯ ಸೀಟಿನಲ್ಲೇ ಕೂತು ಬಂದ, ಲಾಯ್ಡ್‌ನ ಸೀಟಿನಲ್ಲಿ ಕೂರಲಿಲ್ಲ. ಪೆಟ್ಸಿಯೂ ಬಲಗಡೆಯೇ ಕೂತಿದ್ದಳು, ಕಂಬಳಿ ಹೊದ್ದು. ನಾನು ಪೆಟ್ಟಿಗೆ ತೆರೆದು ತೋರಿಸಿದೆ. ಅವಳು ನೋಡಿದಳು, ಮುಟ್ಟಲಿಲ್ಲ. "ನಿನಗಾದ್ರೂ ಬಿಗಿದಿರೋ ಬೆಲ್ಟು ಸಿಕ್ತು" ಎಂದಳು.

ಲಾಯ್ಡ್‌ನ ಸೀಟಿನಲ್ಲಿ ಬೆಲ್ಟು ಬಿಚ್ಚಿಯೇ ಇದೆ. ಎರಡು ಪಟ್ಟಿಯೂ ಸೀಟಿನ ಮೇಲೆ ಒಪ್ಪವಾಗಿ ಹರಡಿವೆ, ಅವನು ಇಳಿಯುವಾಗ ಬಿಟ್ಟಂತೆ. ಪೆಟ್ಸಿ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಇರ್ಮಾ ಸೋಲ್ಬರ್ಗ್